ಚೀತಾ ಹಾರದ ಗೋಡೆ

ಹೋದ ತಿಂಗಳು ಗೋಕಾಕದಲ್ಲಿ ಸಹೋದ್ಯೋಗಿಯೊಬ್ಬರ ಮಗಳ ಮದುವೆಗೆ ಹೋಗಿದ್ದೆ. ಪಂಗತಿ ಕೂರುವ ಹೊತ್ತಿಗೆ ಅಡುಗೆಯವರು ಬಿರಿಯಾನಿ ಹಂಡೆಯ ಮುಚ್ಚಳ ತೆಗೆದರು. ಬಾಸುಮತಿ ಅಕ್ಕಿಯ ಬಿಸಿ ವಾಸನೆ ಪೆಂಡಾಲಿನ ತುಂಬ ಹರಡಿತು. ಎಲ್ಲರೂ ಹಂಡೆಯ ಕಡೆ ನೋಡಿದರೆ ನಾನು ಗೋಡೆಯ ಕಡೆ ನೋಡಿದೆ. ಕಾಂಪೌಂಡ್ ಗೋಡೆ ಎಷ್ಟು ಎತ್ತರ ಇದೆ, ಅದರ ಮೇಲೆ ಬಾಗಿದ ಗಿಡ ಯಾವುದು, ಮಕ್ಕಳು ಎಲ್ಲಿ ಆಡುತ್ತಿದ್ದಾರೆ ಅಂತ ಕಣ್ಣು ತಾನಾಗಿಯೇ ಅಳೆಯತೊಡಗಿತು. ಬಾಜೂ ಕೂತವರು, "ಏನ್ರಿ ಅಕ್ಕೋರ, ಯಾರನ್ನ ಹುಡುಕಾಕತ್ತೀರಿ?" ಅಂದರು. ಯಾರನ್ನೂ ಇಲ್ಲ ಅಂದೆ. ಮಂದಿಗೆ ಆ ವಾಸನೆಗೆ ಹಸಿವಾಗುತ್ತದೆ, ನನಗೆ ಕತ್ತಿನ ಹಿಂದಿನ ಕೂದಲು ನೆಟ್ಟಗಾಗುತ್ತವೆ. ಯಾಕೆ ಅಂತ ಹೇಳಬೇಕಾದರೆ ತುಕ್ಕಾನಟ್ಟಿಯ ಆಚೆ ನಾನು ಕಳೆದ ಒಂದು ಕಬ್ಬಿನ ಹಂಗಾಮಿನ ಮಾತು ಹೇಳಬೇಕು.

ಅದು ನನ್ನ ಮೊದಲ ಪೋಸ್ಟಿಂಗ್. ನಾನು ದೈಹಿಕ ಶಿಕ್ಷಕಿ, ಅಂದರೆ ಸೀಟಿ ಊದುವ ಅಕ್ಕೋರು. ಕೂತು ಕೆಲಸ ಮಾಡುವುದು ನನ್ನ ಜಾಯಮಾನದಲ್ಲಿಲ್ಲ. ಹುಕ್ಕೇರಿಯ ಮನೆಯಲ್ಲಿ ನಮ್ಮವ್ವ ಬಂದವರಿಗೆಲ್ಲ "ಈಕಿ ಕಾಲಾಗ ಚಕ್ರ ಐತ್ರಿ, ಉಣ್ಣಾಕ ಕುಂತರೂ ಒಂದ ಕಾಲ ಹೊರಗ" ಅಂತ ದೂರು ಹೇಳುತ್ತಿದ್ದಳು. ಅವಳು ಹೇಳಿದ್ದು ಸುಳ್ಳಲ್ಲ. ಬಸ್ಸಿನ ಹಿಂದೆ ಓಡುವವನನ್ನು ಕಂಡರೆ ಇವನಿಗೆ ನಾನೂರು ಮೀಟರ್ ಓಡಿಸಬಹುದು ಅಂದುಕೊಳ್ಳುತ್ತೇನೆ, ಗೋಣಿಚೀಲ ಎತ್ತುವವಳನ್ನು ಕಂಡರೆ ಗುಂಡು ಎಸೆತ ಕಲಿಸಬೇಕಿತ್ತು ಅಂತ ಕೈ ಹಿಸುಕಿಕೊಳ್ಳುತ್ತೇನೆ. ಯಾವ ಜೀವ ಕಂಡರೂ ಮೊದಲು ಕಾಣುವುದು ಅದರ ಕಾಲು.

ಊರಿನ ಹೆಸರು ಬೇಡ. ತುಕ್ಕಾನಟ್ಟಿ ದಾಟಿ, ಎರಡೂ ಕಡೆ ಕಬ್ಬು ನಿಂತ ರಸ್ತೆಯಲ್ಲಿ ಹೋದರೆ ಸಿಗುತ್ತದೆ. ಹುಕ್ಕೇರಿಯಿಂದ ದಿನಾ ಬಂದು ಹೋಗುವುದು ಆಗದ ಮಾತಾದ್ದರಿಂದ ರಾಜೇಸಾಬ್ ಕಾಕಾನ ಮನೆಯ ಹೊರಗಿನ ಖೋಲಿ ಬಾಡಿಗೆಗೆ ಹಿಡಿದಿದ್ದೆ. ಕಾಕಾ ಆಡು ಕುರಿ ವ್ಯಾಪಾರಿ. ಸಣ್ಣ ಟೆಂಪೋದ ಮೇಲೆ ತಂತಿ ಜಾಳಿಗೆ ಕಟ್ಟಿಕೊಂಡು ಮೂಡಲಗಿ, ಹುಕ್ಕೇರಿ ಸಂತೆ ಮಾಡುತ್ತಿದ್ದ. ಅವನಿಗೆ ಗೊತ್ತಿಲ್ಲದ ವಿಷಯ ಲೋಕದಲ್ಲಿ ಇಲ್ಲ ಅಂತ ಅವನೂ, ಅವನಿಗೆ ಏನೂ ಗೊತ್ತಿಲ್ಲ ಅಂತ ಅವನ ಹೆಂಡತಿ ಖತೀಜಾ ಚಾಚಿಯೂ ನಂಬಿದ್ದರು. ಇಬ್ಬರೂ ನನ್ನನ್ನು ಮಗಳ ಹಾಗೆ ನೋಡಿಕೊಂಡರು, ಮಗಳನ್ನು ಬೈದ ಹಾಗೇ ಬೈದರು.

ಶಾಲೆ ಸೇರಿದ ವಾರದಲ್ಲೇ ಮಾಳವ್ವನನ್ನು ಕಂಡೆ. ಹತ್ತನೆಯ ಇಯತ್ತೆ. ತಡವಾಗಿ ಬಂದವಳು ಗೇಟ್ ಹಾಕಿದ್ದು ನೋಡಿ ಚೀಲ ಒಳಗೆ ಎಸೆದಳು, ನಾಲ್ಕು ಹೆಜ್ಜೆ ಹಿಂದೆ ಸರಿದಳು, ಬಂದು ಗೇಟಿನ ಮೇಲಿಂದ ಹಾರಿ ಇಳಿದಳು. ಮುಖ್ಯೋಪಾಧ್ಯಾಯರು ಅವಳನ್ನು ಬೈಯಲು ಓಡಿ ಬಂದರು, ನಾನು ಗೇಟ್ ಅಳೆಯಲು ಓಡಿದೆ. ಕುರುಬರ ಸಿದ್ದಪ್ಪನ ಮಗಳು. ಉದ್ದ ಕಾಲು, ಸಪೂರ ಮೈ, ಮೊಣಕಾಲ ಮೇಲೆ ಯಾವಾಗಲೂ ಒಂದು ಹೊಸ ತರಚು ಗಾಯ. ಕುರಿಯ ಹಿಂದೆ ಹಳ್ಳ, ಬೇಲಿ ಹಾರಿ ಹಾರಿ ಬಂದ ಜಿಗಿತ ಅದು. ನಾನು ಕಲಿಸಿದ್ದು ಕತ್ತರಿ ಜಿಗಿತ ಮಾತ್ರ, ಒಂದು ಕಾಲು ಎತ್ತಿ ದಾಟಿಸಿ ಇನ್ನೊಂದನ್ನು ಅದರ ಹಿಂದೆ ಎಳೆದುಕೊಳ್ಳುವುದು. ಬೀಳಲು ಗಾದಿ ಇರಲಿಲ್ಲ. ಕಬ್ಬಿನ ಒಣ ಎಲೆ, ನಮ್ಮ ಕಡೆ ರವದಿ ಅಂತಾರಲ್ಲ, ಅದನ್ನೇ ರಾಶಿ ಹಾಕಿ ಹಾರಿಸಿದೆ. ಮೂಡಲಗಿಯಲ್ಲಿ ತಾಲೂಕು ಮಟ್ಟದಲ್ಲಿ ಗೆದ್ದಳು, ಜಿಲ್ಲೆಯಲ್ಲೂ ಗೆದ್ದಳು. ವಿಭಾಗ ಮಟ್ಟದ ಕೂಟ ಧಾರವಾಡದಲ್ಲಿ ಅಂತ ಗೊತ್ತಾಯಿತು. ನನಗೆ ನಿದ್ದೆ ಹತ್ತಲಿಲ್ಲ, ಅಷ್ಟು ಖುಷಿ.

ಆ ಖುಷಿ ಪೂರ್ತಿ ನೆಲಕ್ಕಿಳಿಯುವ ಮೊದಲೇ ಊರಲ್ಲಿ ನಾಯಿಗಳು ಕಡಿಮೆಯಾಗತೊಡಗಿದವು.

ಮೊದಲು ಹೋದದ್ದು ಸಿದ್ದಪ್ಪನ ನಾಯಿ. ಕುರಿಗಾರನ ನಾಯಿ ಅಂದರೆ ಸಾಮಾನ್ಯ ಅಲ್ಲ, ತೋಳಕ್ಕೂ ಎದುರು ನಿಲ್ಲುವಂಥದ್ದು. ಆಮೇಲೆ ಕಾಲುವೆ ಬಾಜೂದ ತೋಟದ ಒಂದು ಆಡು. ಕಬ್ಬಿನ ಅಂಚಿನ ಹಸಿ ಮಣ್ಣಿನಲ್ಲಿ ಅಂಗೈ ಅಗಲದ ಹೆಜ್ಜೆ ಮೂಡಿದ್ದನ್ನು ನೋಡಲು ಇಡೀ ಊರು ಹೋಯಿತು. ಮುದುಕರು "ಹುಲಿ" ಅಂದರು, ಯಾಕೆಂದರೆ ಅವರಿಗೆ ಬೆಕ್ಕಿಗಿಂತ ದೊಡ್ಡದೆಲ್ಲ ಹುಲಿಯೇ. ರಾಜೇಸಾಬ್ ಕಾಕಾ ಬಗ್ಗಿ ನೋಡಿ, ಎದ್ದು, ಟೋಪಿ ಸರಿಮಾಡಿಕೊಂಡು, "ಹುಲಿ ಅಲ್ಲೋ ಮಾರಾಯ, ಇದು ಚೀತಾ" ಅಂದ. ಅರಣ್ಯ ಇಲಾಖೆಯವರು ಬಂದು ಬೋನು ಇಟ್ಟು ಹೋಗುವಾಗ "ಚಿರತೆ, ಹುಷಾರಾಗಿರಿ" ಅಂದರು. ಜನರಿಗೆ ಅದೂ ಇದೂ ಒಂದೇ ಆಗಿ ಕೇಳಿಸಿತು. ಚಿರತೆ ಅಂದರೆ ಪುಸ್ತಕದ ಕನ್ನಡ, ಚೀತಾ ಅಂದರೆ ಬಾಯಿಗೆ ಬರುವ ಮಾತು. ಯಾರಿಗೂ ಎರಡರಲ್ಲಿ ಭೇದ ಕಾಣಲಿಲ್ಲ. ಕೇಡು ಹುಟ್ಟಿದ್ದೇ ಅಲ್ಲಿ.

ಅಷ್ಟರಲ್ಲಿ ಯಾರೋ ಮೊಬೈಲ್ ತೆಗೆದು "ಚೀತಾ" ಅಂತ ಹುಡುಕಿದರು. ಹಳದಿ ಹುಲ್ಲಿನ ಬಯಲಿನಲ್ಲಿ ಬಾಣ ಬಿಟ್ಟ ಹಾಗೆ ಓಡುವ ಪ್ರಾಣಿಯ ವಿಡಿಯೋ ಬಂತು. ಪರದೇಶದಿಂದ ಚೀತಾಗಳನ್ನು ವಿಮಾನದಲ್ಲಿ ತಂದು ಉತ್ತರದ ಕಾಡಿನಲ್ಲಿ ಬಿಟ್ಟ ಸುದ್ದಿ ಎಲ್ಲರ ಕಿವಿಯಲ್ಲೂ ಇತ್ತಲ್ಲ, ಅದಕ್ಕೂ ಇದಕ್ಕೂ ಗಂಟು ಬಿತ್ತು. "ಅದರಾಗಿಂದ ಒಂದ ತಪ್ಪಿಸ್ಕೊಂಡ ಬಂದೈತಿ" ಅಂತ ಚಹಾದಂಗಡಿಯಲ್ಲಿ ತೀರ್ಮಾನವಾಯಿತು. ಅಷ್ಟು ದೂರದಿಂದ ಇಲ್ಲಿಗೆ ಹೇಗೆ ಬಂತು ಅಂದರೆ, "ಅಷ್ಟ ಜೋರ ಓಡೂ ಜನಾವರಕ್ಕ ದೂರ ಏನ್ರಿ ಅಕ್ಕೋರ?" ಅಂದರು. ನಿಡಸೋಸಿಯ ಕಾಲೇಜಿಗೆ ಹೋಗುವ ಹುಡುಗರು ಬಸ್ಸಿನಲ್ಲೇ ಚೀತಾದ ಪ್ರವಚನ ಶುರು ಮಾಡಿದರು. ಚೀತಾ ಹಗಲು ಬೇಟೆಯಾಡುತ್ತದೆ. ಚೀತಾ ಮನುಷ್ಯರಿಗೆ ಅಂಜುತ್ತದೆ. ಚೀತಾ ಗಿಡ ಹತ್ತುವುದಿಲ್ಲ, ಗೋಡೆ ಹಾರುವುದಿಲ್ಲ. ಓಡುವವರನ್ನು ಮಾತ್ರ ಬೆನ್ನು ಹತ್ತುತ್ತದೆ.

ಊರು ಈ ಪಾಠವನ್ನು ಪರೀಕ್ಷೆಗೆ ಓದಿದ ಹಾಗೆ ಕಲಿತು ನಡೆಯತೊಡಗಿತು. ಹಗಲೆಲ್ಲ ಬಾಗಿಲು ಹಾಕಿಕೊಂಡು ಕೂತ ಜನ ಕತ್ತಲಾದ ಮೇಲೆ ಹೆದರಿಕೆಯಿಲ್ಲದೆ ಪಂಪ್ ಚಾಲೂ ಮಾಡಲು ಹೊಲಕ್ಕೆ ಹೊರಟರು, ಯಾಕೆಂದರೆ ತ್ರೀ ಫೇಸ್ ಕರೆಂಟ್ ಬರುವುದು ರಾತ್ರಿ, ಚೀತಾ ಮಲಗುವುದೂ ರಾತ್ರಿ. ಮಕ್ಕಳಿಗೆ "ಓಡಬ್ಯಾಡ್ರಿ, ಗಿಡಾ ಹತ್ರಿ" ಅಂತ ಕಲಿಸಿದರು. ಕಬ್ಬಿನ ರಸ್ತೆಯಲ್ಲಿ ಶಾಲೆಯ ಹುಡುಗರು ಮದುಮಕ್ಕಳ ಹಾಗೆ ಒಂದೊಂದೇ ಹೆಜ್ಜೆ ಇಟ್ಟು ಬರುತ್ತಿದ್ದುದನ್ನು ನೋಡಿ ನನಗೆ ನಗುವೂ ಬಂತು, ಸಿಟ್ಟೂ ಬಂತು. ಮುಖ್ಯೋಪಾಧ್ಯಾಯರು ಮೈದಾನದಲ್ಲಿ ಓಟ, ಜಿಗಿತ ಬಂದ್ ಅಂದರು. ಮಕ್ಕಳ ಜೀವದ ಹೊಣೆ ಅವರದು, ತಪ್ಪು ಅನ್ನಲಾರೆ. ಆದರೆ ನನ್ನ ಸ್ಥಿತಿ ಕೇಳಿ. ಸೀಟಿ ಕೊರಳಲ್ಲಿ, ಮೈದಾನ ಖಾಲಿ, ಧಾರವಾಡ ಹತ್ತಿರ ಬರುತ್ತಿದೆ. ಸ್ಟಾಫ್ ರೂಮಿನ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆದು ನಡೆದು ಸಹೋದ್ಯೋಗಿಗಳಿಗೆ ತಲೆ ತಿರುಗುವ ಹಾಗೆ ಮಾಡಿದೆ. ರಾತ್ರಿ ಗಾಳಿ ಬೀಸಿ ಕಬ್ಬು ಅಲುಗಿದರೆ ಹಾಸಿಗೆಯಲ್ಲಿ ಎದ್ದು ಕೂರುತ್ತಿದ್ದೆ. ಅವ್ವ ಹುಕ್ಕೇರಿಯಿಂದ ಫೋನ್ ಮಾಡಿ "ರಜಾ ಹಾಕಿ ಬಾ, ನೌಕರಿ ಹುಲಿ ಬಾಯಾಗ ಇಟ್ಟ ಏನ ಮಾಡ್ತಿ?" ಅನ್ನುತ್ತಿದ್ದಳು.

ನನಗೆ ಮೊದಲಿನಿಂದಲೂ ಅನುಮಾನ. ವಿಡಿಯೋದಲ್ಲಿ ಕಂಡ ಕಾಲು ಈ ಕಬ್ಬಿನಲ್ಲಿ ಏನು ಮಾಡುತ್ತದೆ? ಅದು ಬಯಲಿನ ಕಾಲು. ಸಿಕ್ಕಿದ್ದೆಲ್ಲ ಓದಿದೆ, ನೋಡಿದೆ, ನನ್ನ ಲೆಕ್ಕದಲ್ಲಿ ಎರಡನ್ನೂ ಮೈದಾನಕ್ಕೆ ಇಳಿಸಿದೆ.

ಚೀತಾ ಅಂದರೆ ಒಂದೇ ಸ್ಪರ್ಧೆಯ ಆಟಗಾರ. ಓಟಕ್ಕೆಂದೇ ಕಡೆದ ಮೈ. ಉದ್ದ ಕಾಲು, ಸಣ್ಣ ನಡ, ಹಗುರ ಎಲುಬು, ಬಾಗಿ ಬಿಚ್ಚುವ ಬೆನ್ನು, ತಿರುವಿನಲ್ಲಿ ಚುಕ್ಕಾಣಿಯಾಗುವ ಬಾಲ. ಉಗುರು ಪೂರ್ತಿ ಒಳಗೆ ಹೋಗುವುದಿಲ್ಲ, ಓಟದ ಬೂಟಿನ ಮೊಳೆಯ ಹಾಗೆ ನೆಲ ಕಚ್ಚುತ್ತದೆ. ನೆಲದ ಮೇಲೆ ಅದನ್ನು ಮೀರಿಸಿ ಓಡುವ ಜೀವ ಇಲ್ಲ. ಆದರೆ ಕೆಲವು ನೂರು ಮೀಟರಿಗೆ ಅದರ ಉಸಿರು ಮುಗಿಯುತ್ತದೆ. ದವಡೆ ಸಣ್ಣದು, ಜಗಳಕ್ಕೆ ಮೈ ಸಾಲದು, ಹಿಡಿದ ಬೇಟೆಯನ್ನು ಬೇರೆಯವರು ಕಸಿದುಕೊಂಡರೆ ಬಿಟ್ಟು ನಡೆಯುತ್ತದೆ. ಚಿರತೆ ಓಟದಲ್ಲಿ ಅದರ ಹತ್ತಿರವೂ ಬರುವುದಿಲ್ಲ, ನಿಜ. ಆದರೆ ಎತ್ತರ ಜಿಗಿತ, ಉದ್ದ ಜಿಗಿತ, ಭಾರ ಎತ್ತುವುದು, ಈಜು, ಗಿಡ ಹತ್ತುವುದು, ಎಲ್ಲದಕ್ಕೂ ಹೆಸರು ಕೊಡುವ ಆಟಗಾರ ಅದು. ಗಿಡ್ಡ ಕಾಲು, ದಪ್ಪ ಕುತ್ತಿಗೆ, ಹೆಗಲ ತುಂಬ ಕಸುವು. ತನ್ನಷ್ಟೇ ತೂಕದ ಬೇಟೆ ಕಚ್ಚಿಕೊಂಡು ಗಿಡ ಏರುತ್ತದೆ. ಆಳೆತ್ತರದ ಗೋಡೆ ಅದಕ್ಕೆ ಹೊಸ್ತಿಲು. ಚೀತಾದ ಮೈಮೇಲೆ ಬೊಟ್ಟಿಟ್ಟ ಹಾಗೆ ಚುಕ್ಕಿ, ಚಿರತೆಯ ಮೈಮೇಲೆ ಒಡೆದ ಬಳೆಯ ಹಾಗೆ. ಎಲ್ಲಕ್ಕಿಂತ ಮುಖ್ಯ, ಅದಕ್ಕೆ ಕಾಯುವುದು ಗೊತ್ತು. ನನಗೆ ಗೊತ್ತಿಲ್ಲದ ಆ ಒಂದು ವಿದ್ಯೆ ಅದಕ್ಕೆ ಚೆನ್ನಾಗಿ ಗೊತ್ತು. ಚೀತಾಕ್ಕೆ ಬಯಲು ಬೇಕು, ಚಿರತೆಗೆ ಒಂದು ಕಬ್ಬಿನ ಹೊಲ ಸಾಕು.

ಇದನ್ನು ಹೇಳಿದರೆ ಯಾರು ಕೇಳಬೇಕು? ಹೆಜ್ಜೆಗಳಲ್ಲಿ ಉಗುರಿನ ಗುರುತು ಇಲ್ಲ, ಚೀತಾ ಆಗಿದ್ದರೆ ಉಗುರು ಮೂಡುತ್ತಿತ್ತು ಅಂತ ಕಾಕಾನಿಗೆ ಬಿಡಿಸಿ ಹೇಳಿದೆ. ಅವನು ಗಡ್ಡ ನೀವಿಕೊಂಡು, "ಉಗುರ ಇಲ್ಲಂದ್ರ ಮತ್ತ ಗಿಡಾ ಹೆಂಗ ಹತ್ತತೈತಿ? ನೀನ ಹೇಳಿದಂಗಾತಲ್ಲಬೇ, ಹತ್ತಂಗಿಲ್ಲಂತ" ಅಂದ. ಸ್ಟಾಫ್ ರೂಮಿನಲ್ಲೂ ನನ್ನ ಸಾಕ್ಷಿ ನನಗೇ ತಿರುಗುಬಾಣವಾಯಿತು. ಕೋಣನ ಮುಂದೆ ಕಿನ್ನರಿ ಬಾರಿಸಿದ್ದಾದರೂ ಮೇಲು, ಕೋಣ ತಿರುಗಿ ವಾದ ಮಾಡುವುದಿಲ್ಲ.

ವಾದ ಅಷ್ಟಕ್ಕೇ ನಿಂತಿದ್ದರೆ ನಾನು ಸುಮ್ಮನಾಗುತ್ತಿದ್ದೆನೇನೋ. ಆದರೆ ಸಿದ್ದಪ್ಪ ಗೋಡೆ ಕಟ್ಟತೊಡಗಿದ.

ಅವನ ದೊಡ್ಡಿ ಊರ ಹೊರಗೆ, ಕಬ್ಬಿಗೆ ತಾಗಿ. ದೊಡ್ಡ ಹಿಂಡು ಹೊಡೆದುಕೊಂಡು ಅವನ ಹೆಂಡತಿ, ಹಿರಿಮಗ ಗುಡ್ಡದ ಕಡೆ ಮೇಯಿಸಲು ಹೋಗಿದ್ದರು. ಇಲ್ಲಿ ಉಳಿದದ್ದು ಈದ ಕುರಿಗಳು, ಎಳೆ ಮರಿಗಳು, ಅಪ್ಪ, ಮಗಳು. ಮುಳ್ಳಿನ ಬೇಲಿ ಕಿತ್ತು ಸಿದ್ದಪ್ಪ ಕಲ್ಲಿನ ಗೋಡೆ ಎಬ್ಬಿಸಿದ. ಮಾಳವ್ವ ಶಾಲೆ ಬಿಟ್ಟ ಮೇಲೆ ಹಳ್ಳದಿಂದ ಕಲ್ಲು ಹೊತ್ತಳು. ಗೋಡೆ ಅವನ ಹೆಗಲಿಗೆ ಬಂದಾಗ ಸಾಕು ಅಂದ. ಮೇಲೆ ಏನೂ ಇಲ್ಲ, ಆಕಾಶ. ಬಾಜೂಕ್ಕೆ ಒಂದು ಬೇವಿನ ಗಿಡ. ರಾತ್ರಿ ಅವನು ನೀರು ಹಾಯಿಸಲು ಹೊಲಕ್ಕೆ ಹೋಗಬೇಕು, ಕುರಿಗೆ ಕಾವಲು ಬೇಕು. ಆದ್ದರಿಂದ ಮಾಳವ್ವ ದೊಡ್ಡಿಯೊಳಗೆ ಒಂದು ಮೂಲೆಯಲ್ಲಿ ರವದಿ ಹಾಸಿಕೊಂಡು ಮಲಗುತ್ತಿದ್ದಳು. ಗೋಡೆ ಇದೆಯಲ್ಲ, ಚೀತಾ ಹಾರುವುದಿಲ್ಲವಲ್ಲ.

ಇದನ್ನು ನನಗೆ ಹೇಳಿದ್ದು ಅವಳೇ, ಏನೂ ವಿಶೇಷ ಇಲ್ಲದ ಹಾಗೆ. "ಧಾರವಾಡಕ್ಕ ಬರಾಕ ಆಗಂಗಿಲ್ರಿ ಅಕ್ಕೋರ. ನಾ ಬಂದ್ರ ದೊಡ್ಡ್ಯಾಗ ಯಾರ ಮಲಗವ್ರು?" ಅಂದಳು. ಮತ್ತೆ ನಗುತ್ತಾ, "ನಿನ್ನಿ ರಾತ್ರಿ ರಾಜೇಸಾಬ್ ಕಾಕಾರ ಮನ್ಯಾಗ ಬಿರಿಯಾನಿ ಏನ್ರಿ? ಮುಂಜಾನಿ ಎದ್ದರ ನಮ್ಮ ಬೇವಿನ ಗಿಡದ ಬುಡಕ ಘಮಘಮಾ ಅಂತಿತ್ತು" ಅಂದಳು.

ಮನೆಗೆ ಬಂದು ಖತೀಜಾ ಚಾಚಿಯನ್ನು ಕೇಳಿದೆ. "ಬಿರಿಯಾನಿ? ಈ ಮನ್ಯಾಗ? ನಾಕ ದಿನದಿಂದ ರೊಟ್ಟಿ, ಬ್ಯಾಳಿ. ನಿಮ್ಮ ಕಾಕಾನ್ನ ಕೇಳ, ಅಂವಾ ಕನಸಿನ್ಯಾಗ ಮಾಡಿರಬೇಕು" ಅಂದಳು. ಅವತ್ತು ಸಂಜೆ ಮತ್ತೆ ಮೊಬೈಲ್ ಹಿಡಿದು ಕೂತಾಗ ಒಂದು ಕಡೆ ಓದಿದೆ: ಚಿರತೆ ತನ್ನ ಸರಹದ್ದು ಗುರುತಿಸಲು ಗಿಡದ ಬುಡಕ್ಕೆ ಸಿಂಪಡಿಸುವ ಮೂತ್ರಕ್ಕೆ ಪರಿಮಳದ ಅಕ್ಕಿ ಬೇಯಿಸಿದ ವಾಸನೆ ಇರುತ್ತದಂತೆ. ಅದು ಮಾಳವ್ವನ ದೊಡ್ಡಿಗೆ ಬಂದು, ಗೋಡೆ ನೋಡಿ, ತನ್ನದು ಅಂತ ಗುರುತು ಹಾಕಿ ಹೋಗಿತ್ತು.

ಈಗ ಲೆಕ್ಕ ಬಹಳ ಸರಳವಾಗಿತ್ತು, ಅದಕ್ಕೇ ಭಯಂಕರವಾಗಿತ್ತು. ಅದು ಚೀತಾ ಆದರೆ ಗೋಡೆ ಸಾಕು, ಹುಡುಗಿ ಒಳಗೆ ಮಲಗಬೇಕು, ಧಾರವಾಡ ಇಲ್ಲ. ಚಿರತೆ ಆದರೆ ಗೋಡೆ ಗೋಡೆಯೇ ಅಲ್ಲ, ಅವಳು ಒಂದು ರಾತ್ರಿಯೂ ಅಲ್ಲಿ ಮಲಗಬಾರದು. ಅವಳ ಜಿಗಿತವೂ ಜೀವವೂ ಒಂದು ಹೆಸರಿನ ಮೇಲೆ ನಿಂತಿದ್ದವು.

ಅಷ್ಟೊತ್ತಿಗೆ ಕಟಾವು ಶುರುವಾಗಿತ್ತು. ಗ್ಯಾಂಗಿನವರು ಕಾಲುವೆಯ ಕಡೆಯಿಂದ ಕಬ್ಬು ಕಡಿಯುತ್ತಾ ಊರ ಕಡೆ ಬರುತ್ತಿದ್ದರು. ದಿನಾ ಒಂದಿಷ್ಟು ಹೊಲ ಬೋಳಾಗುತ್ತಿತ್ತು. ಎಲ್ಲರಿಗೂ ಅದು ಸಮಾಧಾನ, ಕಬ್ಬು ಹೋದರೆ ಪ್ರಾಣಿ ಹೋಗುತ್ತದೆ ಅಂತ. ಬೋನಿಗೆ ಅದು ಕೊನೆಯವರೆಗೂ ಬೀಳಲಿಲ್ಲ, ಕಟಾವು ಮುಗಿದ ಮೇಲೆ ಎಲ್ಲಿ ಹೋಯಿತೋ ಯಾರೂ ಕಾಣಲಿಲ್ಲ, ಅದು ಆಮೇಲಿನ ಮಾತು. ಆಗ ನನಗೆ ಕಾಣುತ್ತಿದ್ದುದು ಒಂದೇ. ಉಳಿದ ಕಬ್ಬೆಲ್ಲ ಸಿದ್ದಪ್ಪನ ದೊಡ್ಡಿಯ ಕಡೆಗೇ ಇತ್ತು.

ಆ ಸಂಜೆಯೇ, ಕತ್ತಲಾಗುವ ಮೊದಲು, ಕಾಕಾನನ್ನು ಎಬ್ಬಿಸಿಕೊಂಡು ದೊಡ್ಡಿಗೆ ಹೋದೆ. ಸಿದ್ದಪ್ಪ ಮರಿಗಳನ್ನು ಒಳಗೆ ಬಿಡುತ್ತಿದ್ದ. ಮಾಳವ್ವ ಬುಟ್ಟಿಯಲ್ಲಿ ಮೇವು ತಂದಿದ್ದಳು. ಬೇವಿನ ಬುಡದ ವಾಸನೆ, ಹೆಜ್ಜೆ, ಉಗುರು, ಜಿಗಿತ, ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಸಿದ್ದಪ್ಪ ಕೇಳಿದ. ಒಳ್ಳೆಯ ಮನುಷ್ಯ, ನಡುವೆ ಬಾಯಿ ಹಾಕಲಿಲ್ಲ.

"ಅಕ್ಕೋರ, ಸಿಟ್ಟಾಗಬ್ಯಾಡ್ರಿ" ಅಂದ ಕೊನೆಗೆ. "ಅದು ಚೀತಾ ಅಂತ ಊರಿಗೆಲ್ಲಾ ಗೊತ್ತೈತಿ. ಹುಡಿಗೀನ ಧಾರವಾಡಕ್ಕ ಒಯ್ಯಾಕ ನೀವು ಅದನ್ನ ಚಿರತಿ ಮಾಡೀರಿ."

ನನ್ನ ಮೈ ಉರಿದುಹೋಯಿತು. ಉರಿದದ್ದು ಯಾಕೆಂದರೆ ಹುಡುಗಿಯನ್ನು ಒಯ್ಯುವ ಆಸೆ ನನ್ನ ಮುಖದ ಮೇಲೆ ಬರೆದ ಹಾಗಿತ್ತು, ಅವನು ಓದಿದ್ದ. ಆ ಆಸೆ ಇದ್ದುದರಿಂದ ನಾನು ಹೇಳಿದ ನಿಜವೂ ಸುಳ್ಳಿನ ಹಾಗೆ ಕೇಳಿಸುತ್ತಿತ್ತು. ಅತ್ತ ದರಿ, ಇತ್ತ ಪುಲಿ ಅಂತಾರಲ್ಲ, ಅವತ್ತು ಆ ಗಾದೆಯೊಳಗೇ ನಿಂತಿದ್ದೆ. ತಿರುಗಿ ಕಾಕಾನ ಮೇಲೆ ಬಿದ್ದೆ. "ಕಾಕಾ, ಎಲ್ಲಾ ನೀವು ಹಚ್ಚಿದ ಬೆಂಕಿ. ಚೀತಾ ಚೀತಾ ಅಂದ್ರಿ. ನೀವು ಜೀವಮಾನದಾಗ ಚೀತಾ ನೋಡೀರೇನು?"

"ನಾ ನೋಡಿಲ್ಲ. ನಮ್ಮ ಅಜ್ಜ ನೋಡಿದ್ದ" ಅಂದ ಕಾಕಾ. "ಹುಕ್ಕೇರಿ ಕಡೆ ಗುಡ್ಡದಾಗ. ಆಡ ಕಚ್ಚಿಕೊಂಡ ಆಲದ ಗಿಡಾ ಹತ್ತಿ ಮ್ಯಾಲ ಕುಂತ ತಿಂತಿತ್ತಂತ."

ಸಿದ್ದಪ್ಪನ ಕೈ ಗೋಡೆಯ ಮೇಲೆ ಹೋಯಿತು.

"ಗಿಡಾ ಹತ್ತಿ?" ಅಂದೆ.

"ಹೌದು."

"ಚೀತಾ?"

"ನಮ್ಮ ಮನ್ಯಾಗ ಅದಕ್ಕ ಚೀತಾನ ಅಂತಾರವಾ. ಮೈಮ್ಯಾಲ ಚುಕ್ಕಿ ಇದ್ದದ್ದಕ್ಕೆಲ್ಲಾ ಚೀತಾ. ಮತ್ತೇನಂತಾರ?"

"ಮತ್ತ ಇಷ್ಟ ದಿನ ಯಾಕ ಹೇಳಲಿಲ್ರಿ, ಅದು ಗಿಡಾ ಹತ್ತತೈತಿ ಅಂತ?"

ಕಾಕಾ ಟೋಪಿ ತೆಗೆದು ತಲೆ ಕೆರೆದುಕೊಂಡ. ಆ ಮನುಷ್ಯ ಮಾತಿಗೆ ತಡವರಿಸಿದ್ದನ್ನು ನಾನು ಅವತ್ತೇ ನೋಡಿದ್ದು. "ಮೊಬೈಲ್‌ನ್ಯಾಗ ಹತ್ತಂಗಿಲ್ಲ ಅಂತ ಬಂತಲ್ಲ. ನಮ್ಮ ಅಜ್ಜ ಸುಳ್ಳ ಹೇಳ್ಯಾನ ಅನ್ಕೊಂಡೆ" ಅಂದ.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಿದ್ದಪ್ಪ ಮಾತ್ರ ಇನ್ನೂ ಗೋಡೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ. ತಾನೇ ಕಟ್ಟಿದ ಗೋಡೆ, ಮಗಳು ಹೊತ್ತ ಕಲ್ಲು. ಅದು ಸಾಲದು ಅಂತ ಒಪ್ಪುವುದು ಅಷ್ಟು ಸುಲಭವಲ್ಲ. "ಅಜ್ಜಾರ ಕಾಲದ್ದ ಬ್ಯಾರೆ ಇರಬೇಕು ಮಾಮಾ" ಅಂದ ಕಾಕಾನಿಗೆ. "ಇಷ್ಟ ಎತ್ತರ ಗ್ವಾಡಿ ಯಾವ ಜನಾವರ ಹಾರತೈತಿ?"

ಆಗ ಮಾಳವ್ವ ಬುಟ್ಟಿ ಕೆಳಗಿಟ್ಟಳು. ಓಢಣಿ ತೆಗೆದು ಸೊಂಟಕ್ಕೆ ಬಿಗಿದಳು. ಚಪ್ಪಲಿ ಕಳಚಿ ಬದಿಗಿಟ್ಟು, ಹಿಂದೆ ಹಿಂದೆ ಸರಿದು, ಕಬ್ಬು ಕಡಿದ ಹೊಲದವರೆಗೂ ಹೋಗಿ ನಿಂತಳು. ಏನು ಮಾಡಲಿದ್ದಾಳೆ ಅಂತ ನನಗೆ ತಿಳಿದಾಗ ನಿಲ್ಲಿಸಬೇಕಿತ್ತು. ಆಚೆ ಬೀಳುವ ಕಡೆ ಏನಿದೆಯೋ, ಮೇಲಿನ ಕಲ್ಲು ಸಡಿಲ ಇದೆಯೋ, ಯಾವ ದೈಹಿಕ ಶಿಕ್ಷಕಿಯೂ ಒಪ್ಪುವ ಕೆಲಸ ಅಲ್ಲ. ಆದರೆ ನನ್ನ ಕಣ್ಣು ಅವಳ ಹೆಜ್ಜೆ ಎಣಿಸತೊಡಗಿತ್ತು. ಅವಳು ಬಂದಳು. ನಾನು ಕಲಿಸಿದ ಹಾಗೇ ಓರೆಯಾಗಿ, ಕೊನೆಯ ಹೆಜ್ಜೆಗಳನ್ನು ಚುರುಕು ಮಾಡಿ, ಗೋಡೆಯ ಬುಡದಲ್ಲಿ ನೆಲ ಒದ್ದಳು. ಒಂದು ಕಾಲು ಮೇಲೆ ಹೋಯಿತು, ಇನ್ನೊಂದು ಅದರ ಹಿಂದೆ. ಒಂದು ಕಲ್ಲೂ ಅಲುಗಲಿಲ್ಲ. ಆಚೆ ಧೊಪ್ಪೆಂದು ಸದ್ದಾಯಿತು, ಕುರಿಗಳೆಲ್ಲ ಒಮ್ಮೆಲೇ ಅರಚಿದವು.

ಅವಳು ಕಾಣುತ್ತಿರಲಿಲ್ಲ. ಗೋಡೆಯ ಒಳಗಿನಿಂದ ದನಿ ಮಾತ್ರ ಬಂತು.

"ಅಪ್ಪಾ, ನನಗ ಎರಡ ಕಾಲು. ಅದಕ್ಕ ನಾಕು."

ಸಿದ್ದಪ್ಪ ಬಹಳ ಹೊತ್ತು ಗೋಡೆ ನೋಡಿದ. ಮೇಲಿನ ಕಲ್ಲಿನ ಮೇಲೆ ಅಂಗೈ ಆಡಿಸಿದ. ಮಗಳು ಹಾರಿದ್ದನ್ನು ಅವನು ಅದಕ್ಕೂ ಮೊದಲು ಒಂದು ಸಲವೂ ನೋಡಿರಲಿಲ್ಲ. ತಾಲೂಕಿಗೂ ಬಂದಿರಲಿಲ್ಲ, ಜಿಲ್ಲೆಗೂ ಬಂದಿರಲಿಲ್ಲ, ಕುರಿ ಬಿಟ್ಟು ಬರಲಾಗಿರಲಿಲ್ಲ. ಅವನ ಮುಖದಲ್ಲಿ ಏನಿತ್ತು ಅಂತ ಇವತ್ತಿಗೂ ಹೇಳಲಾರೆ. ಹೆದರಿಕೆ ಇತ್ತು, ಹೆಮ್ಮೆಯೂ ಇತ್ತು, ಎರಡೂ ಒಂದನ್ನೊಂದು ನೂಕುತ್ತಿದ್ದವು.

"ಗ್ವಾಡಿ ಗಿಡ್ಡಾತು" ಅಂದ.

ಮಾರನೆಯ ದಿನವೇ ಕಾಕಾ ತನ್ನ ಟೆಂಪೋದ ತಂತಿ ಜಾಳಿಗೆ ಬಿಚ್ಚಿ ತಂದ, ಸಂತೆಯಿಂದ ಇನ್ನೂ ಒಂದಿಷ್ಟು ತಂದ. ಯಾರೂ ಕೇಳಿರಲಿಲ್ಲ, ಅಜ್ಜನಿಗೆ ಸುಳ್ಳುಗಾರ ಅಂದ ಪಾಪ ಕಳೆದುಕೊಳ್ಳುತ್ತಿದ್ದ ಅಂತ ಕಾಣುತ್ತದೆ. ನಡುವೆ ಕಂಬ ನೆಟ್ಟು ದೊಡ್ಡಿಯ ಮೇಲೆಲ್ಲ ಜಾಳಿಗೆ ಬಿಗಿದು, ಅಂಚಿಗೆ ಕಲ್ಲು ಹೇರಿದರು. ಬೇವಿನ ಗಿಡದ ಬಾಗಿದ ಟೊಂಗೆ ಕಡಿದರು. ಮಾಳವ್ವ ಖತೀಜಾ ಚಾಚಿಯ ಬಾಜೂ ಮಲಗತೊಡಗಿದಳು. ಊರಲ್ಲಿ ಕಾಕಾ ಹೊಸ ಪ್ರವಚನ ಶುರು ಮಾಡಿದ. ಚೀತಾದಲ್ಲಿ ಎರಡು ಜಾತಿ, ಓಡುವ ಚೀತಾ, ಹತ್ತುವ ಚೀತಾ. ಚಿರತೆ ಅಂತ ಅವನ ಬಾಯಿಂದ ಕೊನೆಗೂ ಬರಲಿಲ್ಲ. ಆದರೆ ಜನ ರಾತ್ರಿ ಪಂಪಿಗೆ ಜೋಡಿಯಾಗಿ, ಬ್ಯಾಟರಿ ಹಿಡಿದು ಹೋಗತೊಡಗಿದರು, ಅಷ್ಟು ಸಾಕಿತ್ತು.

ಧಾರವಾಡಕ್ಕೆ ಹೋಗುವ ದಿನ ಸಿದ್ದಪ್ಪ ಗೋಕಾಕದವರೆಗೆ ಬಂದು ನಮ್ಮನ್ನು ಬಸ್ಸಿಗೆ ಹತ್ತಿಸಿದ. ಕಿಟಕಿಯಿಂದ ಒಂದು ಪೊಟ್ಟಣ ಶೇಂಗಾ ಕೊಟ್ಟು, "ಬಿದ್ದೀ, ಹುಷಾರ" ಅಂದ. ಬಸ್ಸು ಹೊರಟ ಮೇಲೂ ಅಲ್ಲೇ ನಿಂತಿದ್ದ. ದಾರಿಯುದ್ದಕ್ಕೂ ಮಾಳವ್ವ ನಿದ್ದೆ ಮಾಡಿದಳು. ನಾನು ಕಾಲು ಕುಣಿಸುತ್ತಾ ಕೂತಿದ್ದೆ, ಮುಂದಿನ ಸೀಟಿನವರು ಎರಡು ಸಲ ತಿರುಗಿ ನೋಡಿದರು.

ಮರುದಿನ ಬೆಳಿಗ್ಗೆ ಅವಳ ಸ್ಪರ್ಧೆ. ಅಲ್ಲಿ ದಪ್ಪ ಗಾದಿ ಇತ್ತು. ಅಷ್ಟು ಮೆತ್ತಗಿನದರ ಮೇಲೆ ಬೀಳುವುದು ಅವಳಿಗೆ ಗೊತ್ತಿರಲಿಲ್ಲ, ಮೊದಲ ಸಲ ಬಿದ್ದಾಗ ನಕ್ಕುಬಿಟ್ಟಳು. ಬೇರೆ ಹುಡುಗಿಯರು ಬೆನ್ನು ಕೆಳಗೆ ಮಾಡಿ ಹಾರುತ್ತಿದ್ದರು. ಇವಳದು ಅದೇ ಹಳೆಯ ಕತ್ತರಿ. ಆದರೂ ಎರಡನೆಯವಳಾಗಿ ಬಂದಳು. ನಾನು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದೆ. ಅವಳು ಪ್ರಮಾಣಪತ್ರಕ್ಕೆ ಹೆಸರು ಬರೆಸಲು ಹೋದಾಗ ನನ್ನ ಫೋನ್ ರಿಂಗಾಯಿತು. ಸಿದ್ದಪ್ಪ.

"ಹುಡಿಗಿ ಹಾರಿದ್ಲೇನ್ರಿ ಅಕ್ಕೋರ?"

"ಹಾರಿದ್ಲ್ರಿ ಸಿದ್ದಪ್ಪಾರ! ಎರಡನೇ ನಂಬರ ಬಂದಾಳ್ರಿ!"

 

"ಇಲ್ಲೂ ಹಾರೇತ್ರಿ" ಅಂದ.

ನನಗೆ ತಕ್ಷಣ ಅರ್ಥವಾಗಲಿಲ್ಲ.

"ನಸುಕಿನ್ಯಾಗ್ರಿ. ಗ್ವಾಡಿ ಮುಟ್ಟೂ ಇಲ್ಲ, ಸೀದಾ ಜಾಳಗಿ ಮ್ಯಾಲ ಬಿದ್ದೈತಿ. ಕುರಿ ಎಲ್ಲಾ ಉಳದಾವು, ನಾವು ತಗಡಿನ ಪತ್ರಾ ಬಡದ್ವಿ, ಹೋತು. ಜಾಳಗಿ ಒಂದ ಕಡೆ ತೊಟ್ಟಿಲದಂಗ ಜೋತ ಬಿದ್ದೈತ್ರಿ." ಆಮೇಲೆ ಮೆಲ್ಲಗೆ ಅಂದ, "ಆಕಿ ಮೊದಲ ಮಲಗತಿದ್ದ ಮೂಲಿ ಮ್ಯಾಲನ್ರಿ ಅಕ್ಕೋರ. ಸರಿಯಾಗಿ ಅಲ್ಲೇ. ಮೂಲ್ಯಾಗೆಲ್ಲಾ ಬಿರಿಯಾನಿ ವಾಸನಿ."

ಮಾಳವ್ವ ಕೈಯಲ್ಲಿ ಕಾಗದ ಹಿಡಿದು ಕುಣಿಯುತ್ತಾ ಬರುತ್ತಿದ್ದಳು. ಸಿದ್ದಪ್ಪ, "ಆಕಿಗೆ ಈಗ ಹೇಳಬ್ಯಾಡ್ರಿ" ಅಂತ ಫೋನ್ ಇಟ್ಟ.

"ಅಪ್ಪನ ಫೋನ್ ಏನ್ರಿ? ಏನಂದಾನ್ರಿ?" ಅಂದಳು.

"ಗ್ವಾಡಿ ಇನ್ನೂ ಎತ್ತರಾ ಮಾಡ್ತಾನಂತ" ಅಂದೆ.

"ಮಾಡ್ಲಿ ಬಿಡ್ರಿ" ಅಂತ ನಕ್ಕಳು. "ನಾನೂ ಇನ್ನೂ ಎತ್ತರಾ ಹಾರತೇನಿ."

ಸೀಟಿ ಕೇಳಿತು, ಮುಂದಿನ ಸ್ಪರ್ಧೆಗೆ ಕರೆಯುತ್ತಿದ್ದರು, ಎಲ್ಲರೂ ಆ ಕಡೆ ಓಡಿದರು. ಅವಳೂ ಓಡಿದಳು, ಅವಳ ಆ ಉದ್ದ ಕಾಲುಗಳ ಮೇಲೆ, ಒಂದು ಗಾಯವೂ ಇಲ್ಲದೆ. ಕಾಲಲ್ಲಿ ಚಕ್ರ ಇದ್ದ ನಾನು ಮಾತ್ರ ಅಲ್ಲೇ ಮೈದಾನದ ಮಣ್ಣಿನ ಮೇಲೆ ಕೂತುಬಿಟ್ಟೆ.